ಒಂದು ಬೆರಳಲ್ಲಿ ತೋರಿಸಿ

ಹೊಸದುರ್ಗದ ಬೆಟ್ಟ ಹತ್ತುವಾಗ ಏನೂ ಆಗಲಿಲ್ಲ. ಏದುಸಿರು ಬಂತು, ಅಷ್ಟೆ. ಮೇಲೆ ಕೋಟೆಯ ಕಲ್ಲಿಗೆ ಒರಗಿ ಕೂತು, ಕೆಳಗಿನ ಪೇಟೆ, ಪೇಟೆಯಾಚೆಯ ತೆಂಗಿನ ತೋಟ, ದೂರದ ಗುಡ್ಡಸಾಲಿನ ಮೇಲೆ ಸೋಮಾರಿಗಳಂತೆ ತಿರುಗುವ ಗಾಳಿಯಂತ್ರ ಎಲ್ಲವನ್ನೂ ತೋರಿಸುತ್ತ ಮೊಮ್ಮಗಳಿಗೆ ಇತಿಹಾಸ ಹೇಳಿದೆ. 1675ರಲ್ಲಿ ಚಿತ್ರದುರ್ಗದ ಚಿಕ್ಕಣ್ಣ ನಾಯಕ, ಬಾಗೂರನ್ನು ಆಳುತ್ತಿದ್ದವರ ಮೇಲೆ ಏರಿಹೋಗಲು ಒಂದು ನೆಲೆ ಬೇಕೆಂದು ಇಲ್ಲಿ ಕೋಟೆ ಕಟ್ಟಿಸಿದ. ಮರುವರ್ಷ ಬೆಟ್ಟದ ಬುಡದಲ್ಲಿ ಪೇಟೆ ಎದ್ದಿತು. ಹೀಗೆ ನಮ್ಮದು ‘ಹೊಸ’ ದುರ್ಗವಾಯಿತು. ಮೇಷ್ಟ್ರಾಗಿ ನಿವೃತ್ತನಾದವನಿಗೆ ಬೆಂಚು, ಬೋರ್ಡು ಇಲ್ಲದಿದ್ದರೂ ಪಾಠ ನಿಲ್ಲುವುದಿಲ್ಲ. ಅವಳು ಆಕಳಿಸಿದಳು. ಇಳಿಯೋಣ ತಾತ ಅಂದಳು.

ಇಳಿಯುವಾಗ ಒಂದು ಸಡಿಲ ಕಲ್ಲಿನ ಮೇಲೆ ಬಲಗಾಲಿಟ್ಟೆ. ಪಾದ ಒಳಮುಖವಾಗಿ ಮಗುಚಿತು. ಒಳಗೆಲ್ಲೋ ಒಣಗಿದ ತೊಗರಿಕಡ್ಡಿ ಮುರಿದಂಥ ಸದ್ದು. ಮನೆ ಸೇರುವ ಹೊತ್ತಿಗೆ ಹೊರಗಡೆಯ ಗುಬುಟಿನ ಸುತ್ತ ಊದಿಕೊಂಡು, ಮೂಳೆ ಎಲ್ಲಿದೆ ಎಂದು ಹುಡುಕುವಂತಾಗಿತ್ತು.

ನಮ್ಮ ಕಡೆ ಕಾಲು ಉಳುಕಿದವನ ಮನೆಗೆ ಬರುವವರೆಲ್ಲ ವೈದ್ಯರೇ. ಹುಣಸೆಹಣ್ಣಿಗೆ ಉಪ್ಪು ಹಾಕಿ ಕಿವುಚಿ, ಬಿಸಿ ಮಾಡಿ ಪಟ್ಟು ಹಾಕಿ ಅಂದರು ಒಬ್ಬರು. ಹರಳೆಣ್ಣೆ ಸವರಿ ಎಕ್ಕದ ಎಲೆಯ ಶಾಖ ಕೊಡಿ ಅಂದರು ಇನ್ನೊಬ್ಬರು. ಸುಣ್ಣ ಅರಿಶಿನ ಕಲಸಿ ಹಚ್ಚುವುದಂತೂ ಇದ್ದೇ ಇದೆ. ನಮ್ಮನೆಯವರು ಇವರಾರನ್ನೂ ನಂಬದೆ, ಹಿಂದಿನ ಬೀದಿಯ ಉಳುಕು ತೆಗೆಯುವ ಅಜ್ಜನಿಗೆ ಹೇಳಿಕಳಿಸಿದರು. “ಒಂದ್ಸಲ ನೀವಿ ಎಳೆದುಬಿಟ್ರೆ ನೆಟ್ಟಗಾಗ್ತತೆ” ಎಂಬುದು ಅವರ ಲೆಕ್ಕ.

ಅಜ್ಜ ಬಂದ. ಎಣ್ಣೆ ಬಟ್ಟಲನ್ನು ಪಕ್ಕಕ್ಕಿಟ್ಟು ಮೊದಲು ಕಾಲನ್ನು ಬರಿದೇ ನೋಡಿದ. ಆಮೇಲೆ ಹೊರಗುಬುಟಿನ ಹಿಂದಿನ ಅಂಚನ್ನು ಹೆಬ್ಬೆರಳಲ್ಲಿ ಒತ್ತಿದ. ನಾನು ಕೂಗಿಕೊಂಡದ್ದು ಬಹುಶಃ ಬಸ್‌ಸ್ಟ್ಯಾಂಡಿಗೂ ಕೇಳಿಸಿರಬೇಕು. “ಎದ್ದು ನಾಕು ಹೆಜ್ಜೆ ಹಾಕಿ” ಅಂದ. ಎರಡನೆಯದಕ್ಕೇ ಕುಸಿದೆ. ಅಜ್ಜ ಕೈ ಒರೆಸಿಕೊಂಡು ಹೇಳಿದ: “ಇದು ಎಳೆಯೋ ಕಾಲಲ್ಲ ಮೇಷ್ಟ್ರೆ. ಮೊದ್ಲು ಫೋಟೊ ತೆಗೆಸ್ರಿ.”

ಆ ಅಜ್ಜ ತನಗೆ ಗೊತ್ತಿಲ್ಲದೆಯೇ ಮಾಡಿದ್ದು ಕೆನಡಾದ ಒಂದು ಪ್ರಸಿದ್ಧ ಪರೀಕ್ಷೆಯನ್ನು. 1992ರಲ್ಲಿ ಒಟ್ಟಾವಾ ನಗರದ ತುರ್ತು ಚಿಕಿತ್ಸಾ ವೈದ್ಯ ಇಯಾನ್ ಸ್ಟೀಲ್ ಮತ್ತು ಸಂಗಡಿಗರು, ಉಳುಕಿದ ಕಾಲಿಗೆ ಯಾವಾಗ ಎಕ್ಸ್‌ರೇ ಬೇಕು, ಯಾವಾಗ ಬೇಡ ಎಂಬುದಕ್ಕೆ ಒಂದು ಸರಳ ಸೂತ್ರ ಪ್ರಕಟಿಸಿದರು. ಕಾಲು ಉಳುಕಿ ಬಂದವರಲ್ಲಿ ಹೆಚ್ಚಿನವರಿಗೆ ಮೂಳೆ ಮುರಿದಿರುವುದಿಲ್ಲ. ಆದರೂ ಎಲ್ಲರನ್ನೂ ಎಕ್ಸ್‌ರೇ ಕೋಣೆಗೆ ಕಳಿಸುವುದು ಅಲ್ಲಿಯ ರೂಢಿಯಾಗಿತ್ತು. ಸೂತ್ರ ಕೇಳುವುದು ಇಷ್ಟನ್ನೇ. ಒಳಗುಬುಟು ಅಥವಾ ಹೊರಗುಬುಟಿನ ತುದಿಯನ್ನೋ, ಅದರ ಹಿಂದಿನ ಅಂಚಿನಲ್ಲಿ ಮೇಲಕ್ಕೆ 6 ಸೆಂಟಿಮೀಟರ್‌ವರೆಗಿನ ಮೂಳೆಯನ್ನೋ ಒತ್ತಿದರೆ ನೋಯುತ್ತದೆಯೇ? ಪಾದದ ಹೊರ ಅಂಚಿನ ನಡುವೆ, ಕಿರುಬೆರಳಿನ ಸಾಲಿನಲ್ಲಿ ಕೈಗೆ ಸಿಗುವ ಮೂಳೆಯ ಉಬ್ಬು ನೋಯುತ್ತದೆಯೇ? ಪಾದದ ಒಳಗಡೆ, ಕಮಾನಿನ ಮೇಲ್ಭಾಗದ ಮೂಳೆ ನೋಯುತ್ತದೆಯೇ? ಬಿದ್ದ ಕೂಡಲೋ, ಆಸ್ಪತ್ರೆಯಲ್ಲೋ, ಕುಂಟಿಕೊಂಡಾದರೂ ಸರಿ, ನಾಲ್ಕು ಹೆಜ್ಜೆ ಇಡಲು ಆಗುತ್ತದೆಯೇ? ಮೂಳೆ ನೋಯದಿದ್ದರೆ, ನಾಲ್ಕು ಹೆಜ್ಜೆ ಆದರೆ, ಮುರಿದಿರುವ ಸಂಭವ ತೀರಾ ಕಡಿಮೆ. ಈ ಸೂತ್ರ ಬಳಸಿದ ಕಡೆ ಸುಮಾರು ಮೂರನೇ ಒಂದು ಭಾಗದಷ್ಟು ಎಕ್ಸ್‌ರೇ ಕಡಿಮೆಯಾಯಿತು. ಎರಡು ಕಡೆ ಇದು ಕೆಲಸಕ್ಕೆ ಬಾರದು: ಕುಡಿದ ಅಮಲಿನಲ್ಲಿ ಬಿದ್ದವರಲ್ಲಿ, ಮತ್ತು ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶವೇ ಮಂಕಾದವರಲ್ಲಿ. ಇಬ್ಬರೂ ಮುರಿದ ಕಾಲಲ್ಲೇ ನಡೆದುಬಿಡುತ್ತಾರೆ.

ಅಜ್ಜನ ಬೆರಳಿಗೂ ಒಟ್ಟಾವಾ ಸೂತ್ರಕ್ಕೂ ಒಂದೇ ಬುದ್ಧಿ. ನೋವಿಗೆ ಒಂದು ವಿಳಾಸ ಇರುತ್ತದೆ, ಅದನ್ನು ಮೊದಲು ಪತ್ತೆ ಹಚ್ಚು ಅಂತ. ನಾವು ಮಾತ್ರ ಮಂಡಿಯಿಂದ ಬೆರಳ ತುದಿವರೆಗೆ ಅಂಗೈ ಸವರಿ “ಇಲ್ಲೆಲ್ಲ ನೋವು” ಅನ್ನುತ್ತೇವೆ. ಅಷ್ಟೇಕೆ, ಈ ಕೀಲಿಗೆ ನಮ್ಮ ಆಡುಮಾತಿನಲ್ಲಿ ಒಪ್ಪಿತವಾದ ಹೆಸರೇ ಇಲ್ಲ. ಕೈಗೆ ಮಣಿಕಟ್ಟು ಇದೆ, ಮೊಣಕೈ ಇದೆ. ಕಾಲಿಗೆ ಮಂಡಿ ಇದೆ, ಹಿಮ್ಮಡಿ ಇದೆ. ನಡುವಿನ ಈ ಜಾಗಕ್ಕೆ ನಿಘಂಟು ಹರಡು ಅನ್ನುತ್ತದೆ, ಪಂಡಿತರು ಗುಲ್ಫ ಅನ್ನುತ್ತಾರೆ, ಪತ್ರಿಕೆಗಳು ಕಣಕಾಲು ಎನ್ನುತ್ತವೆ. ಹಳ್ಳಿಯಲ್ಲಿ ಕಾಲ್ಗಿಣ್ಣು, ಕಾಲಿನ ಗಂಟು. ನಮ್ಮತ್ತೆಯಂತೂ ‘ಚೈನು ಹಾಕ್ಕಣೋ ಜಾಗ’ ಅನ್ನುತ್ತಿದ್ದರು. ವೀರಗಾಸೆಯವರು ಗೆಜ್ಜೆ ಕಟ್ಟುವುದೂ ಅಲ್ಲೇ. ಇಷ್ಟೆಲ್ಲ ಅಲಂಕಾರ ಮಾಡುವ ಜಾಗವನ್ನು ಹೆಸರು ಹಿಡಿದು ಕರೆಯುವುದಕ್ಕೆ ಮಾತ್ರ ನಮಗೆ ಬಾಯಿ ಬಂದಿಲ್ಲ.

ಹತ್ತುವಾಗ ಸುಮ್ಮನಿದ್ದ ಕಾಲು ಇಳಿಯುವಾಗಲೇ ಏಕೆ ಉಳುಕಿತು? ಇದಕ್ಕೆ ಉತ್ತರ ಮೂಳೆಯ ಆಕಾರದಲ್ಲೇ ಇದೆ. ಮಂಡಿಯ ಕೆಳಗೆ ಎರಡು ಮೂಳೆ: ಒಳಗಡೆ ದಪ್ಪನೆಯದು, ಹೊರಗಡೆ ಕೋಲಿನಂಥದು. ಇವೆರಡರ ಕೆಳತುದಿಗಳೇ ನಾವು ಮುಟ್ಟಿ ನೋಡುವ ಎರಡು ಗುಬುಟುಗಳು. ಬಡಗಿ ಬಾಗಿಲ ಚೌಕಟ್ಟು ಕೂಡಿಸುವಾಗ ಒಂದು ಮರದಲ್ಲಿ ಗುಂಡಿ ಕೊರೆದು ಇನ್ನೊಂದರ ಮೂತಿಯನ್ನು ಅದರೊಳಗೆ ಬಿಗಿಯಾಗಿ ಕೂರಿಸುತ್ತಾನಲ್ಲ, ಹಾಗೆ ಈ ಎರಡು ಗುಬುಟುಗಳ ನಡುವೆ ಟೇಲಸ್ ಎಂಬ ಮೂಳೆ ಕೂತಿದೆ. ವಿಚಿತ್ರದ ಮೂಳೆ ಅದು. ಇಡೀ ಮೈಭಾರ ಅದರ ಮೇಲೆ ಇಳಿದು ಪಾದಕ್ಕೆ ಹಂಚಿಹೋಗುತ್ತದೆ, ಆದರೆ ಒಂದೇ ಒಂದು ಸ್ನಾಯುವೂ ಅದಕ್ಕೆ ಅಂಟಿಕೊಂಡಿಲ್ಲ. ಅದರ ನೆತ್ತಿ ಮುಂದೆ ಅಗಲ, ಹಿಂದೆ ಕಿರಿದು. ಹತ್ತುವಾಗ ಪಾದ ಮೇಲಕ್ಕೆ ಮಡಚಿ ಅಗಲದ ಭಾಗ ಚೌಕಟ್ಟಿನೊಳಗೆ ತುರುಕಿಕೊಳ್ಳುತ್ತದೆ; ಕೀಲು ಬಿಗಿ. ಇಳಿಯುವಾಗ ಬೆರಳು ಕೆಳಮುಖ, ಕಿರಿದಾದ ಭಾಗ ಚೌಕಟ್ಟಿಗೆ ಬರುತ್ತದೆ, ಕೀಲು ಸಡಿಲ. ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿದವರು ಸಮನೆಲದಲ್ಲೂ ಸದಾ ಬೆಟ್ಟ ಇಳಿಯುತ್ತಲೇ ಇರುತ್ತಾರೆ. ಚಿತ್ರದುರ್ಗದ ಕೋಟೆಯಲ್ಲಿ ಬಂಡೆಗೆ ಕೊರೆದ ಹೆಜ್ಜೆಗುಳಿಗಳನ್ನು ಹಿಡಿದು ತುಪ್ಪದ ಕೊಳದ ಕಡೆಗೆ ಹತ್ತಿದವರಿಗೆ ಇಳಿಯುವುದೇ ಕಷ್ಟವೆಂಬ ಸಂಗತಿಯನ್ನು ಪುಸ್ತಕ ಹೇಳಬೇಕಿಲ್ಲ; ಹತ್ತಿ ನಿಂತವನಿಗೆ ಎದೆ ಝಲ್ಲೆನ್ನುವುದು ಕೆಳಗೆ ನೋಡಿದಾಗ.

ಹೊರಗುಬುಟು ಒಳಗುಬುಟಿಗಿಂತ ಕೆಳಗಿನವರೆಗೆ ಇಳಿದಿದೆ. ಹೀಗಾಗಿ ಪಾದ ಹೊರಕ್ಕೆ ಮಗುಚಲು ಗೋಡೆ ಅಡ್ಡ, ಒಳಕ್ಕೆ ಮಗುಚಲು ದಾರಿ ಸಲೀಸು. ಒಳಗಡೆಯ ಅಸ್ಥಿರಜ್ಜು ಬೀಸಣಿಗೆಯಂತೆ ಹರಡಿಕೊಂಡ ದಪ್ಪ ಪಟ್ಟಿ. ಹೊರಗಡೆ ಮೂರು ತೆಳ್ಳನೆಯ ಪಟ್ಟಿಗಳು. ಅವುಗಳಲ್ಲಿ ಗುಬುಟಿನ ಮುಂದೆ ಇರುವುದೇ ಹೆಚ್ಚಾಗಿ ಮೊದಲು ಹರಿಯುವಂಥದು. ನಾವು ‘ನರ ಉಳುಕಿದೆ’ ಅನ್ನುವುದು ಇದನ್ನೇ. ಉಳುಕಿದ್ದು ನರವಲ್ಲ. ಎರಡು ಮೂಳೆಗಳನ್ನು ಹಿಡಿದಿಟ್ಟ ನಾರಿನ ಕಟ್ಟು ಎಳೆದುಕೊಂಡಿರುತ್ತದೆ, ಅರ್ಧ ಹರಿದಿರುತ್ತದೆ, ಅಪರೂಪಕ್ಕೆ ಪೂರ್ತಿ ತುಂಡಾಗಿರುತ್ತದೆ. ಹರಿದ ಹಗ್ಗವನ್ನು ಎಣ್ಣೆ ಹಚ್ಚಿ ಇನ್ನಷ್ಟು ಎಳೆದರೆ ಏನಾಗುತ್ತದೆಂದು ಮೇಷ್ಟ್ರು ಹೇಳಬೇಕೆ?

ಹಾಗಾದರೆ ಮೊದಲ ದಿನ ಏನು ಮಾಡಬೇಕು? ಇಲ್ಲಿ ವೈದ್ಯರ ಮಾತೇ ಕಾಲಕಾಲಕ್ಕೆ ಬದಲಾಗಿದೆ. 1978ರಲ್ಲಿ ಅಮೆರಿಕದ ಗೇಬ್ ಮಿರ್ಕಿನ್ ಎಂಬ ವೈದ್ಯರು ಕ್ರೀಡಾ ವೈದ್ಯದ ತಮ್ಮ ಪುಸ್ತಕದಲ್ಲಿ ನಾಲ್ಕು ಮಾತು ಬರೆದರು: ವಿಶ್ರಾಂತಿ, ಐಸ್, ಬಿಗಿಪಟ್ಟಿ, ಕಾಲು ಎತ್ತರ. ಇಂಗ್ಲಿಷಿನ ಮೊದಲಕ್ಷರ ಸೇರಿ ‘ರೈಸ್’ ಆದ ಇದು ಜಗತ್ತಿನ ಆಟದ ಮೈದಾನಗಳೆಲ್ಲ ಉರುಹೊಡೆದ ಮಂತ್ರವಾಯಿತು. ಹಲವು ವರ್ಷಗಳಾದ ಮೇಲೆ ಅದೇ ಮಿರ್ಕಿನ್, ಐಸ್ ಮತ್ತು ಪೂರ್ಣ ವಿಶ್ರಾಂತಿ ಎರಡೂ ಗುಣವಾಗುವುದನ್ನು ನಿಧಾನಗೊಳಿಸಬಹುದು ಎಂದು ತಮ್ಮ ಮಾತನ್ನು ತಾವೇ ಹಿಂದಕ್ಕೆ ತೆಗೆದುಕೊಂಡರು. ತನ್ನ ಹೆಸರಿಗೆ ಅಂಟಿಕೊಂಡ ಸೂತ್ರವನ್ನು ತಾನೇ ಅಲ್ಲಗಳೆಯುವ ಧೈರ್ಯ ನಮ್ಮ ಪಠ್ಯಪುಸ್ತಕ ಸಮಿತಿಗಳಿಗೂ ಬರಲಿ. 2019ರಲ್ಲಿ ಬಂದ ಹೊಸ ಸಲಹೆಯಲ್ಲಿ ಐಸ್‌ಗೆ ಜಾಗವೇ ಇಲ್ಲ. ಮೊದಲ ಒಂದೆರಡು ದಿನ ಜೋಪಾನ, ಆಮೇಲೆ ಆದಷ್ಟು ಬೇಗ ಭಾರ ಹಾಕು, ನಡೆ, ಪಳಗಿಸು ಎಂಬುದೇ ಅದರ ಹುರುಳು.

ನನ್ನ ಮಟ್ಟಿಗೆ ನೋವು ತಡೆಯಲು ಟವೆಲ್‌ನಲ್ಲಿ ಸುತ್ತಿದ ಐಸ್ ಹದಿನೈದು ನಿಮಿಷ ಇಟ್ಟದ್ದು ಹಿತವಾಗಿತ್ತು, ಇಟ್ಟೆ. ಬರಿ ಚರ್ಮದ ಮೇಲೆ ಇಡಬಾರದು, ಅಷ್ಟೆ. ಹುಣಸೆಹಣ್ಣಿನ ಪಟ್ಟಿನಿಂದಲೂ ದೊಡ್ಡ ಅನಾಹುತವಿಲ್ಲ, ಬಿಸಿ ಮಾಡದಿದ್ದರೆ. ಮೊದಲ ಎರಡು ಮೂರು ದಿನ ಶಾಖ, ನೀವುವುದು, ಎಳೆಯುವುದು ಮಾತ್ರ ಬೇಡ. ಒಳಗೆ ರಕ್ತ ಇನ್ನಷ್ಟು ಜಿನುಗಿ ಊತ ಏರುತ್ತದೆ. ಕ್ರೇಪ್ ಬ್ಯಾಂಡೇಜನ್ನು ಬೆರಳ ಬುಡದಿಂದ ಮೇಲಕ್ಕೆ ಸುತ್ತಬೇಕು. ಬೆರಳು ತಣ್ಣಗಾದರೆ, ನೀಲಿಯಾದರೆ, ಜೋಮು ಹಿಡಿದರೆ ಕೂಡಲೇ ಬಿಚ್ಚಬೇಕು. ಬಿದಿರು ದಬ್ಬೆಯ ನಾಟಿ ಕಟ್ಟಿಗೂ ಇದೇ ಮಾತು. ಮುರಿದ ಮೂಳೆಗೆ ಕಟ್ಟು ಹಾಕಿಸಿಕೊಂಡು ಬಂದವರ ಬೆರಳು ಕಪ್ಪಾಗುತ್ತಿದ್ದರೂ ‘ಬಿಗಿ ಇದ್ರೇ ಕೂಡೋದು’ ಎಂದು ಬಿಟ್ಟರೆ, ಮೂಳೆ ಕೂಡುವಷ್ಟರಲ್ಲಿ ಕಾಲೇ ಉಳಿಯದೆ ಹೋಗಬಹುದು.

ಮೂಳೆ ಡಾಕ್ಟರ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಾಗ ನನ್ನ ಪಾಠ ನಿಜವಾಗಿ ಶುರುವಾಯಿತು. ಬೆಂಚಿನಲ್ಲಿ ಏಳು ಜನ. ಐವರದು ಇದೇ ಜಾಗದ ನೋವು, ಆದರೆ ಒಬ್ಬರದೂ ನನ್ನ ಕತೆಯಲ್ಲ. ಬಾಗಿಲು ತೆರೆದೇ ಇದ್ದುದರಿಂದ ಡಾಕ್ಟರು ಪ್ರತಿಯೊಬ್ಬರಿಗೂ ಹೇಳುತ್ತಿದ್ದ ಮೊದಲ ಮಾತು ಕೇಳುತ್ತಿತ್ತು: “ಒಂದು ಬೆರಳಲ್ಲಿ ತೋರಿಸಿ.”

ಸೊಸೆಯ ಜೊತೆ ಬಂದಿದ್ದ ಅತ್ತೆಯೊಬ್ಬರು. ಸೊಸೆಗೆ ಮೂರು ತಿಂಗಳ ಹಿಂದೆ ಜ್ವರ ಬಂದು ಹೋಗಿತ್ತು. ಜ್ವರ ನಾಲ್ಕೇ ದಿನ. ನೋವು ಮಾತ್ರ ಎರಡೂ ಕಾಲಿನ ಗಂಟು, ಮಣಿಕಟ್ಟು, ಬೆರಳುಗಳಲ್ಲಿ ಮನೆ ಮಾಡಿಕೊಂಡಿತ್ತು. ಬೆಳಿಗ್ಗೆ ಏಳುವಾಗ ಪಾದ ಊರಲಾಗುವುದಿಲ್ಲ. ಗೋಡೆ ಹಿಡಿದು ಅರ್ಧ ಗಂಟೆಗೂ ಮೀರಿ ಓಡಾಡಿದ ಮೇಲೆ ಸಡಿಲ. ಅತ್ತೆ ನನ್ನ ಕಡೆ ತಿರುಗಿ ಹೇಳಿದರು: “ಚಿಕೂನ್‌ಗುನ್ಯಾ ಬಂದ ವರ್ಷ ನೆಪ್ಪೈತಾ ಮೇಷ್ಟ್ರೆ? ನಮ್ಮೂರಾಗೆ ಒಲೆ ಹಚ್ಚಕ್ಕೂ ಯಾರೂ ಎದ್ದಿರ್ಲಿಲ್ಲ.”

ನೆನಪಿಲ್ಲದೆ ಏನು! 2006. ಮೂರು ದಶಕ ದೇಶದಲ್ಲಿ ಹೆಚ್ಚುಕಡಿಮೆ ಮರೆಯಾಗಿದ್ದ ಕಾಯಿಲೆ 2005ರ ಕೊನೆಗೆ ಮತ್ತೆ ಕಾಣಿಸಿಕೊಂಡು, ಮರುವರ್ಷ ಕರ್ನಾಟಕದಲ್ಲೇ ಏಳೂವರೆ ಲಕ್ಷ ಶಂಕಿತ ಪ್ರಕರಣಗಳು ಲೆಕ್ಕಕ್ಕೆ ಸಿಕ್ಕವು. ಇಡೀ ದೇಶದ್ದು ಸುಮಾರು 13.9 ಲಕ್ಷ. ಅಂದರೆ ಅರ್ಧಕ್ಕಿಂತ ಹೆಚ್ಚು ನಮ್ಮದೇ. ಮೊದಲು ಬಿದ್ದ ಜಿಲ್ಲೆಗಳ ಸಾಲಿನಲ್ಲಿ ತುಮಕೂರು, ಬಳ್ಳಾರಿ, ದಾವಣಗೆರೆಗಳ ಜೊತೆ ಚಿತ್ರದುರ್ಗವೂ ಇತ್ತು. ಹೆಸರು ಕೇಳಿ ‘ಚಿಕನ್ ಗುನ್ಯಾ’ ಎಂದುಕೊಂಡು ಕೋಳಿ ಸಾರು ಬಿಟ್ಟವರು ಎಷ್ಟೋ ಮಂದಿ. ಕೋಳಿಯ ಪಾಪವೇನೂ ಇಲ್ಲ. 1952ರಲ್ಲಿ ಈ ರೋಗ ಮೊದಲು ಗುರುತಾದ ಆಫ್ರಿಕಾದ ಇಂದಿನ ಟಾಂಜಾನಿಯಾದ ಮಕೊಂಡೆ ಜನರ ಭಾಷೆಯಲ್ಲಿ ಆ ಮಾತಿಗೆ ‘ಮೈ ಬಾಗಿಸುವಂಥದು’ ಎಂದರ್ಥ. ಕೀಲು ಹಿಡಿದು ಬಗ್ಗಿ ನಡೆಯುವವರನ್ನು ನೋಡಿ ಇಟ್ಟ ಹೆಸರು.

ಬಯಲುಸೀಮೆಯ ನಮ್ಮಂಥ ಊರುಗಳಲ್ಲಿ ಅದು ಹಾಗೆ ಹಬ್ಬಲು ಒಂದು ಕಾರಣ ನೀರಿನ ಬರ. ಮಲೆನಾಡಿನಲ್ಲೇ ಸೊಳ್ಳೆ ಹೆಚ್ಚು ಎಂಬುದು ಎಲ್ಲ ಸೊಳ್ಳೆಗೂ ಹೊಂದುವ ಮಾತಲ್ಲ. ಚಿಕೂನ್‌ಗುನ್ಯಾ ಹರಡುವ ಈಡಿಸ್ ಸೊಳ್ಳೆಗೆ ಚರಂಡಿ ಬೇಡ. ನಲ್ಲಿಯಲ್ಲಿ ವಾರಕ್ಕೊಮ್ಮೆ ನೀರು ಬರುವ ಊರಿನಲ್ಲಿ ನಾವು ತುಂಬಿಸಿಡುವ ಡ್ರಮ್ಮು, ತೊಟ್ಟಿ, ಸಿಮೆಂಟಿನ ಗುಮ್ಮಿಯ ತಿಳಿನೀರೇ ಸಾಕು. ಅದು ಕಚ್ಚುವುದೂ ಹಗಲು ಹೊತ್ತಿನಲ್ಲಿ. ಆಮೇಲೆ ಬರುವ ಕೀಲುನೋವಿಗೆ ವೈರಸ್ಸನ್ನು ಕೊಲ್ಲುವ ಮದ್ದಿಲ್ಲ. ಬಹುಪಾಲು ಜನರಿಗೆ ವಾರಗಳಲ್ಲಿ ಇಳಿಯುತ್ತದೆ. ಕೆಲವರಿಗೆ ತಿಂಗಳುಗಟ್ಟಲೆ, ಇನ್ನು ಕೆಲವರಿಗೆ ವರ್ಷಗಟ್ಟಲೆ ಎಳೆಯುತ್ತದೆ. ಡಾಕ್ಟರು ಆ ಹೆಣ್ಣುಮಗಳಿಗೆ ಬಿಸಿನೀರಿನಲ್ಲಿ ಕಾಲಾಡಿಸುವುದು, ಕೀಲನ್ನು ನಿಧಾನಕ್ಕೆ ಮಡಚಿ ಬಿಡುವುದನ್ನು ಹೇಳಿಕೊಟ್ಟು, ಮಿತವಾಗಿ ಮಾತ್ರೆ ಬರೆದುಕೊಟ್ಟು, ಇನ್ನೂ ಇಳಿಯದಿದ್ದರೆ ಸಂಧಿವಾತದ ರಕ್ತಪರೀಕ್ಷೆ ಮಾಡಿಸೋಣ ಅಂದರು. ಎರಡೂ ಕಡೆ, ಹಲವು ಕೀಲು, ಬೆಳಗಿನ ಹೊತ್ತು ಅರ್ಧ ಗಂಟೆಗೂ ಮೀರಿದ ಬಿಗಿತ — ಈ ಮೂರು ಸೇರಿದರೆ ಅದನ್ನು ಉಳುಕು ಎಂದು ಕೈಬಿಡುವಂತಿಲ್ಲ.

ಬೆಂಚಿನ ಆ ತುದಿಯಲ್ಲಿದ್ದ ರೈತರಿಗೆ ಅರವತ್ತೂ ಆಗಿರಲಿಲ್ಲ. ಕತ್ತು ತಿರುಗಿಸಬೇಕಾದರೆ ಇಡೀ ಮೈ ತಿರುಗಿಸುತ್ತಿದ್ದರು. ಬೆನ್ನು, ಮಂಡಿ, ಹರಡು ಎಲ್ಲ ಬಿಗಿ. ಕುಕ್ಕರಗಾಲಲ್ಲಿ ಕೂತು ಕಳೆ ಕೀಳುವುದು ಬಿಟ್ಟು ಎರಡು ವರ್ಷ ಆಯಿತಂತೆ. ಅವರನ್ನು ಡಾಕ್ಟರು ಕೇಳಿದ ಪ್ರಶ್ನೆ ಕಾಲಿನ ಬಗ್ಗೆ ಇರಲೇ ಇಲ್ಲ. “ಯಜಮಾನ್ರೆ, ನಿಮ್ಮೂರಲ್ಲಿ ಕುಡಿಯೋಕೆ ಯಾವ ನೀರು?”

ರಾಜ್ಯದ ಫ್ಲೋರೈಡ್ ಪೀಡಿತ ಜಿಲ್ಲೆಗಳಲ್ಲಿ ಚಿತ್ರದುರ್ಗವೂ ಒಂದು. ನಮ್ಮ ಕಲ್ಲಿನಲ್ಲೇ ಇರುವ ಫ್ಲೋರೈಡ್, ಕೊಳವೆಬಾವಿಯ ಆಳದ ನೀರಿಗೆ ಕರಗಿ ಬರುತ್ತದೆ. ಲೀಟರಿಗೆ 1 ಮಿಲಿಗ್ರಾಂವರೆಗೆ ಸರಿ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂಬುದು ಸರಕಾರಿ ಮಾನದಂಡ. ಅದಕ್ಕೂ ಬಹಳ ಮೀರಿದ ನೀರನ್ನು ಹತ್ತಾರು ವರ್ಷ ಕುಡಿದರೆ ಮೂಳೆ ದಡ್ಡುಗಟ್ಟುತ್ತದೆ, ಮೂಳೆಗೆ ಅಂಟಿದ ಅಸ್ಥಿರಜ್ಜುಗಳೇ ಸುಣ್ಣಗಟ್ಟಿ ಬಿಗಿಯುತ್ತವೆ. ಬೆನ್ನು ಕತ್ತಿನಲ್ಲಿ ಮೊದಲು ಗೊತ್ತಾಗುವ ಇದು ಕಾಲಿನ ಕೀಲುಗಳನ್ನೂ ಬಿಡುವುದಿಲ್ಲ. ಹಿಡಿದ ಮೂಳೆಯನ್ನು ಮೊದಲಿನಂತೆ ಮಾಡುವ ಔಷಧ ಇಲ್ಲ. ಮಾಡಬಹುದಾದದ್ದು ನೀರು ಬದಲಿಸುವುದು, ಊಟದಲ್ಲಿ ಸುಣ್ಣದಂಶ ಕಡಿಮೆಯಾಗದಂತೆ ನೋಡುವುದು. ಅದಕ್ಕೆ ನಮ್ಮ ರಾಗಿ ಇದೆ, ಹಾಲಿದೆ. ಒಂದು ತಪ್ಪು ತಿಳಿವಳಿಕೆ ಮಾತ್ರ ಪ್ರತಿ ಮನೆಯಲ್ಲೂ ಕೇಳುತ್ತೇನೆ: ‘ನಾವು ಕುದಿಸಿ ಆರಿಸಿ ಕುಡೀತೀವಿ.’ ಕುದಿಸಿದರೆ ಕ್ರಿಮಿ ಸಾಯುತ್ತದೆ; ಫ್ಲೋರೈಡ್ ಆವಿಯಾಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಗಟ್ಟಿಯಾಗುತ್ತದೆ. ನಾಣ್ಯ ಹಾಕಿ ಹಿಡಿಯುವ ಶುದ್ಧ ನೀರಿನ ಘಟಕದ ಕ್ಯಾನನ್ನು ಕುಡಿಯುವುದಕ್ಕೆ ಮಾತ್ರ ಇಟ್ಟುಕೊಂಡು, ಸಾರು ಮುದ್ದೆಗೆ ಕೊಳವೆಬಾವಿ ನೀರು ಬಳಸಿದರೆ ಅರ್ಧ ಫಲ ಅಷ್ಟೆ.

ಸಂಗ್ರಹಿಸಿಟ್ಟ ನೀರಿನಿಂದ ಒಬ್ಬರ ಕಾಲುನೋವು, ಆಳದ ನೀರಿನಿಂದ ಇನ್ನೊಬ್ಬರದು. ಇಷ್ಟಾಗಿಯೂ ವಾಣಿವಿಲಾಸ ಸಾಗರ ಅಣೆಕಟ್ಟೆಯ ಹಿನ್ನೀರು ನಮ್ಮ ತಾಲ್ಲೂಕಿನ ಮಗ್ಗುಲಲ್ಲೇ ಇದೆ. 1933ರ ಬಳಿಕ ಮೊದಲ ಸಲ 2022ರಲ್ಲಿ ಕೋಡಿ ಬಿದ್ದಾಗ ಬುತ್ತಿ ಕಟ್ಟಿಕೊಂಡು ನೋಡಲು ಹೋಗಿದ್ದೆವು. ಮೂಳೆ ಡಾಕ್ಟರ ಬೆಂಚಿನಲ್ಲಿ ಕೂತು ಆ ನೀರು ನೆನಪಾಗುತ್ತದೆಂದು ಯಾರು ತಿಳಿದಿದ್ದರು.

ಉಳಿದವರ ಕತೆ ಬೇಗ ಹೇಳುತ್ತೇನೆ. ಕಾಯಿ ಕೀಳಲು ಹತ್ತಿ ತೆಂಗಿನ ಮರದಿಂದ ಜಾರಿ, ನೇರ ಹಿಮ್ಮಡಿಯ ಮೇಲೆ ಬಿದ್ದಿದ್ದ ಹುಡುಗನೊಬ್ಬ. ಅವನ ಹಿಮ್ಮಡಿಯ ಜೊತೆ ಬೆನ್ನುಮೂಳೆಯ ಎಕ್ಸ್‌ರೇಯನ್ನೂ ತೆಗೆಸಿದರು. ಎತ್ತರದಿಂದ ಹಿಮ್ಮಡಿ ಊರಿ ಬಿದ್ದವರಲ್ಲಿ ಆ ಹೊಡೆತ ಬೆನ್ನಿಗೂ ಏರಿರುವುದುಂಟು, ಕಾಲುನೋವಿನ ಅಬ್ಬರದಲ್ಲಿ ಅದು ಮುಚ್ಚಿಹೋಗಿರುತ್ತದೆ. ರಾತ್ರೋರಾತ್ರಿ ಗಂಟು ಕೆಂಪಗೆ ಊದಿ, ಹೊದಿಕೆ ತಾಗಿದರೂ ಜೀವ ಹೋಗುವಂತಾಗಿದ್ದ ಹೋಟೆಲ್ ಮಾಲೀಕರು; ಅವರದು ಯೂರಿಕ್ ಆಮ್ಲದ ಗೌಟ್, ಹೆಬ್ಬೆರಳಲ್ಲಿ ಶುರುವಾಗುವುದು ಹೆಚ್ಚಾದರೂ ಹರಡಿಗೂ ಬರುತ್ತದೆ.

ಐದನೆಯವರನ್ನು ನೋಡಿ ಡಾಕ್ಟರು ಎಲ್ಲರಿಗಿಂತ ಮೊದಲು ಒಳಗೆ ಕರೆದರು, ಅವರಿಗೆ ಎಲ್ಲರಿಗಿಂತ ಕಡಿಮೆ ನೋವಿದ್ದರೂ. ಹದಿನೈದು ವರ್ಷದ ಸಕ್ಕರೆ ಕಾಯಿಲೆ. ಒಂದು ಪಾದ ಊದಿ, ಕೆಂಪಾಗಿ, ಮುಟ್ಟಿದರೆ ಬಿಸಿ. “ಅಂಥ ನೋವೇನಿಲ್ಲ ಸಾರ್, ಚಪ್ಪಲಿ ಹಿಡಿಸ್ತಿಲ್ಲ ಅಷ್ಟೆ” ಅನ್ನುತ್ತಿದ್ದರು. ನರಗಳು ಮಂಕಾದ ಪಾದದಲ್ಲಿ ಮೂಳೆಗಳು ಸದ್ದಿಲ್ಲದೆ ಪುಡಿಯಾಗುತ್ತ ಹೋಗುವ ಶಾರ್ಕೋ ಪಾದ ಅದಿರಬಹುದು ಎಂಬುದು ಡಾಕ್ಟರ ಅನುಮಾನ. ಅದಕ್ಕೆ ಕಾಲಿನ ಮೇಲಿನ ಭಾರ ತಕ್ಷಣ ತೆಗೆದು ಪ್ಲಾಸ್ಟರ್ ಹಾಕುವುದೇ ಚಿಕಿತ್ಸೆ. ತಡವಾದರೆ ಪಾದದ ಕಮಾನೇ ಕುಸಿಯುತ್ತದೆ. ಸಕ್ಕರೆ ಇರುವವರಲ್ಲಿ ನೋವಿಲ್ಲವೆಂದು ಊತವನ್ನು ಕಡೆಗಣಿಸುವಂತಿಲ್ಲ.

ಸಂಜೆಯಾದರೆ ಎರಡೂ ಹರಡು ಊದಿಕೊಂಡು, ಬೆರಳು ಒತ್ತಿದರೆ ಕುಳಿ ಬೀಳುವವರು ಈ ಬೆಂಚಿಗೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಅವರದು ಹೃದಯ, ಮೂತ್ರಪಿಂಡದ ಪರೀಕ್ಷೆ. ಅಥವಾ ಬಿ.ಪಿ.ಗೆಂದು ನುಂಗುವ ಆಮ್ಲೋಡಿಪಿನ್ ಮಾತ್ರೆಯ ಅಡ್ಡಪರಿಣಾಮ. ಅದನ್ನು ತಾವಾಗಿಯೇ ನಿಲ್ಲಿಸದೆ ಬರೆದುಕೊಟ್ಟವರಿಗೆ ತೋರಿಸಿದರೆ ಬದಲಿಸಿ ಕೊಡುತ್ತಾರೆ. ಒಂದೇ ಕಾಲಿನ ಮೀನಖಂಡ ಊದಿ ನೋಯುವುದಾದರೆ ಅದು ರಕ್ತನಾಳ ಕಟ್ಟಿಕೊಂಡದ್ದಿರಬಹುದು, ಅಲ್ಲಿ ನೀವಲೇಬಾರದು.

ನನ್ನ ಸರದಿ. ಒಂದು ಬೆರಳಲ್ಲಿ ತೋರಿಸಿದೆ. ಎಕ್ಸ್‌ರೇಯಲ್ಲಿ ಮೂಳೆ ಸರಿಯಾಗಿತ್ತು. ಮುಂದಿನ ಪಟ್ಟಿ ಹರಿದಿದೆ, ಶಸ್ತ್ರಚಿಕಿತ್ಸೆ ಬೇಡ, ಪಟ್ಟಿ ಕಟ್ಟಿಕೊಂಡು ನೋವು ತಡೆಯುವಷ್ಟು ನಡೆಯಿರಿ ಅಂದರು. ಮೂರು ವಾರಕ್ಕೆ ಊತ ಇಳಿಯಿತು, ಕಾಲು ಸರಿಹೋಯಿತೆಂದು ನಾನೂ ನಂಬಿದೆ. ನಾಲ್ಕನೇ ವಾರ ನಮ್ಮ ಮನೆ ಮುಂದಿನ ಸಮನೆಲದಲ್ಲಿ, ಕಲ್ಲೂ ಇಲ್ಲ ಗುಂಡಿಯೂ ಇಲ್ಲ, ಅದೇ ಕಾಲು ಅದೇ ರೀತಿ ಮಗುಚಿತು.

ಉಳುಕಿನಲ್ಲಿ ನಿಜವಾದ ಕಾಯಿಲೆ ಈ ಎರಡನೆಯದು. ಕಬಡ್ಡಿ ಆಡುವ ಹುಡುಗರನ್ನು ಕೇಳಿ. ಎದುರಾಳಿ ಹಿಡಿಯುವ ‘ಆಂಕಲ್ ಹೋಲ್ಡ್’ಗಿಂತ ತಮ್ಮದೇ ಹಳೆ ಉಳುಕಿಗೆ ಅವರು ಹೆದರುತ್ತಾರೆ. 1965ರಲ್ಲಿ ಲಂಡನ್ನಿನ ಮೂಳೆವೈದ್ಯ ಮೈಕೆಲ್ ಫ್ರೀಮನ್ ಇದಕ್ಕೆ ಕಾರಣ ಹುಡುಕಿದರು. ಅಸ್ಥಿರಜ್ಜು ಬರೀ ಹಗ್ಗವಲ್ಲ, ಅದರೊಳಗೆ ನರತುದಿಗಳಿವೆ. ಪಾದ ಯಾವ ಕೋನದಲ್ಲಿದೆ ಎಂದು ಕ್ಷಣಕ್ಷಣಕ್ಕೂ ಸುದ್ದಿ ಕಳಿಸುವ ಕಾವಲುಗಾರರು. ಹಗ್ಗ ಹರಿದಾಗ ಕಾವಲೂ ಹೋಗುತ್ತದೆ. ಗಾಯ ಮಾಗಿದರೂ ಸುದ್ದಿ ತಡವಾಗಿ ಮುಟ್ಟುತ್ತದೆ, ಸ್ನಾಯು ಎಚ್ಚರಗೊಳ್ಳುವಷ್ಟರಲ್ಲಿ ಕಾಲು ಮಗುಚಿರುತ್ತದೆ. ಅಲುಗಾಡುವ ಹಲಗೆಯ ಮೇಲೆ ನಿಲ್ಲಿಸಿ ಪಳಗಿಸಿದವರಲ್ಲಿ ಈ ಸಡಿಲುತನ ಕಡಿಮೆಯಾಯಿತೆಂದು ಅವರು ತೋರಿಸಿದರು. ಅರವತ್ತು ವರ್ಷವಾದರೂ ಇದಕ್ಕಿಂತ ಒಳ್ಳೆಯ ಮದ್ದು ಬಂದಿಲ್ಲ, ಇದಕ್ಕಿಂತ ಅಗ್ಗದ್ದೂ ಇಲ್ಲ. ಆದರೆ ಔಷಧದ ಅಂಗಡಿಯಲ್ಲಿ ಸಿಗದ ಕಾರಣ ಇದನ್ನು ಮದ್ದೆಂದು ಒಪ್ಪುವವರು ಕಡಿಮೆ. ಒಂದು ಇಂಜೆಕ್ಷನ್ ಚುಚ್ಚಿಸಿಕೊಂಡು ಬಂದರೆ ಮನೆಯವರಿಗೆಲ್ಲ ಸಮಾಧಾನ. ಗೋಡೆ ಹಿಡಿದು ಒಂಟಿಕಾಲಲ್ಲಿ ನಿಂತರೆ ನಗೆಪಾಟಲು.

ಫಿಸಿಯೋಥೆರಪಿಯ ಹುಡುಗಿ ನನಗೆ ಕೊಟ್ಟ ಮೊದಲ ಹೋಮ್‌ವರ್ಕು ಕುರ್ಚಿಯಲ್ಲಿ ಕೂತು ಹೆಬ್ಬೆರಳಿನಿಂದ ಗಾಳಿಯಲ್ಲಿ ಎಬಿಸಿಡಿ ಬರೆಯುವುದು. ಕನ್ನಡ ಮೇಷ್ಟ್ರ ಕಾಲಿಗೆ ಎಬಿಸಿಡಿಯೇ? ಅಆಇಈ ಬರೆದೆ. ಐ, ಎಲ್, ಟಿಗಳ ನೆಟ್ಟಗಿನ ಗೆರೆಗಳಿಗಿಂತ ನಮ್ಮ ಋ, ಖ, ಝಗಳು ಕೀಲನ್ನು ಎಲ್ಲ ದಿಕ್ಕಿಗೂ ತಿರುಗಿಸುತ್ತವೆ. ಕ್ಷ ಬರೆಯುವಷ್ಟರಲ್ಲಿ ಕಾಲು ಬೆವರುತ್ತದೆ. ಆಮೇಲೆ ಸೈಕಲ್ಲಿನ ಹಳೆ ಟ್ಯೂಬನ್ನು ಮಂಚದ ಕಾಲಿಗೆ ಕಟ್ಟಿ ಪಾದದಿಂದ ಹೊರಕ್ಕೆ ಎಳೆಯುವುದು. ಆಮೇಲೆ ಮೆಟ್ಟಿಲ ಅಂಚಿನಲ್ಲಿ ಬೆರಳ ಮೇಲೆ ಎದ್ದು ಹಿಮ್ಮಡಿಯನ್ನು ನಿಧಾನಕ್ಕೆ ಇಳಿಸುವುದು. ಹಿಮ್ಮಡಿಯ ಹಿಂದಿನ ಅಕಿಲಿಸ್ ಸ್ನಾಯುರಜ್ಜು ಬಹಳ ದಿನದಿಂದ ನೋಯುವವರಿಗೂ ಇದೇ ವ್ಯಾಯಾಮ ಹೇಳುತ್ತಾರೆ, ಆದರೆ ಅದಕ್ಕೆ ವಾರವಲ್ಲ, ಮೂರು ತಿಂಗಳ ತಾಳ್ಮೆ ಬೇಕು.

ನಾನು ಕಳೆದುಕೊಂಡಿದ್ದ ಇನ್ನೊಂದು ಸಂಗತಿ ಕುಕ್ಕರಗಾಲು. ಹಿಮ್ಮಡಿ ನೆಲಕ್ಕೆ ಊರಿ ಕೂರಲು ಹೋದರೆ ಬಲಗಾಲು ಅರ್ಧಕ್ಕೇ ನಿಲ್ಲುತ್ತಿತ್ತು. ಉಳುಕಿನ ನಂತರ ಪಾದ ಮೇಲಕ್ಕೆ ಮಡಚುವುದು ಎಷ್ಟು ಕಡಿಮೆಯಾಗಿದೆ ಎಂದು ಅಳೆಯಲು ನಮ್ಮವರಿಗೆ ಯಂತ್ರ ಬೇಡ, ಹಿತ್ತಲ ಕಡೆಯ ಪಾಯಖಾನೆ ಸಾಕು. ನಮ್ಮ ಜನ ಎಷ್ಟು ಕುಕ್ಕರಗಾಲಲ್ಲಿ ಬದುಕುತ್ತಾರೆಂದರೆ ಅದರ ಗುರುತು ಮೂಳೆಯಲ್ಲೇ ಮೂಡಿರುತ್ತದೆ. ಲಾಹೋರಿನ ವೈದ್ಯಕೀಯ ಕಾಲೇಜಿನಲ್ಲಿ ಅಂಗರಚನೆ ಕಲಿಸುತ್ತಿದ್ದ ಹ್ಯಾವ್‌ಲಾಕ್ ಚಾರ್ಲ್ಸ್, 1893ರಲ್ಲಿ ಪಂಜಾಬಿಗಳ ಕಾಲಿನ ಮೂಳೆಗಳ ಬಗ್ಗೆ ಬರೆಯುತ್ತ, ಹರಡಿನ ಮುಂಭಾಗದಲ್ಲಿ ಎರಡು ಮೂಳೆ ಪರಸ್ಪರ ತಾಗಿ ನುಣುಪಾದ ಸಣ್ಣ ತಟ್ಟೆಗಳನ್ನು ತೋರಿಸಿದರು. ಕುರ್ಚಿಯ ಮೇಲೆ ಕೂರುವ ಯುರೋಪಿನವರ ಮೂಳೆಗಳಲ್ಲಿ ಅವು ಅಪರೂಪ. ನನ್ನ ಮೊಮ್ಮಗಳ ಕಾಲಿನಲ್ಲಿ ಆ ತಟ್ಟೆಗಳು ಮೂಡುವುದು ಅನುಮಾನ. ಅವಳ ಶಾಲೆಯಲ್ಲೂ ಕುರ್ಚಿ, ಮನೆಯಲ್ಲೂ ಸೋಫಾ.

ಈಗ ಬೆಳಿಗ್ಗೆ ಹಲ್ಲುಜ್ಜುವಷ್ಟು ಹೊತ್ತು ಬಚ್ಚಲ ಕಟ್ಟೆಯ ಪಕ್ಕ ಒಂಟಿಕಾಲಲ್ಲಿ ನಿಲ್ಲುತ್ತೇನೆ. ಮೊದಲ ದಿನ ಐದು ಎಣಿಸುವಷ್ಟರಲ್ಲಿ ಗೋಡೆ ಹಿಡಿದಿದ್ದೆ. ನಿನ್ನೆ ನಲವತ್ತೆರಡು. ಕಣ್ಣು ಮುಚ್ಚಿದರೆ ಮಾತ್ರ ಇನ್ನೂ ಒಂಬತ್ತಕ್ಕೇ ತೂರಾಡುತ್ತೇನೆ. ಕಣ್ಣು ಸಾಲ ಕೊಡುತ್ತಿದ್ದ ಸಮತೋಲವನ್ನು ಹರಡು ಸ್ವಂತಕ್ಕೆ ಗಳಿಸಲು ಇನ್ನೂ ಕೆಲವು ವಾರ ಬೇಕಂತೆ. ನಮ್ಮನೆಯವರು ಅಡುಗೆಮನೆಯಿಂದಲೇ “ಕೊಕ್ಕರೆ ತಪಸ್ಸು ಮುಗೀತಾ?” ಅನ್ನುತ್ತಾರೆ. ಎಣಿಸುವ ಕೆಲಸ ಮೊಮ್ಮಗಳದು. ಮೊನ್ನೆ ಅವಳೂ ಪಕ್ಕದಲ್ಲಿ ನಿಂತು ಕಣ್ಣು ಮುಚ್ಚಿಕೊಂಡಳು. ನಾನು ಬಿದ್ದೆ, ಎದ್ದೆ, ಬಾಯಿ ಮುಕ್ಕಳಿಸಿದೆ, ಟವೆಲ್ ಹುಡುಕಿದೆ. ತಿರುಗಿ ನೋಡಿದರೆ ಅವಳು ಇನ್ನೂ ಅಲ್ಲೇ, ಕಣ್ಣು ಮುಚ್ಚಿಕೊಂಡೇ ಇದ್ದಳು.

“ತಾತ, ನೂರಾಯ್ತು. ಇನ್ನೊಂದು ಕಾಲು ಎತ್ತಲಾ?”